ಕಾಲಿಗೆ ಮನೆ, ಕಂಕುಳಿಗೆ ಪಾರ್ಲರ್: ವ್ಯಾಕ್ಸಿಂಗ್ ಎಲ್ಲಿ ಮತ್ತು ಹೇಗೆ

ವ್ಯಾಕ್ಸಿಂಗ್ ಮನೆಯಲ್ಲೇ ಮಾಡಿಕೊಳ್ಳುವುದು ಒಳ್ಳೆಯದೋ, ಪಾರ್ಲರಿಗೆ ಹೋಗುವುದು ಒಳ್ಳೆಯದೋ ಎಂದು ಯಾರಾದರೂ ವಿಚಾರಿಸಿದಾಗ ನಾನು ಮೊದಲು ತಿರುಗಿ ಕೇಳುವುದು ಒಂದೇ ಮಾತು: ಮೈಯ ಯಾವ ಭಾಗಕ್ಕೆ? ದುಡ್ಡು, ಸಮಯ, ಸಂಕೋಚ ಇವೆಲ್ಲ ಆಮೇಲಿನ ವಿಚಾರಗಳು. ಮೈಮೇಲಿನ ಕೂದಲಿಗೆ ಅಂಟಾದ ವ್ಯಾಕ್ಸ್ ಸವರಿ, ಮೇಲೆ ಬಟ್ಟೆಯ ಪಟ್ಟಿ ಒತ್ತಿ ಬುಡಸಮೇತ ಕೀಳುವ ವ್ಯಾಕ್ಸಿಂಗ್ ಮೂಲತಃ ಎರಡು ಕೈಗಳ ಕೆಲಸ. ಒಂದು ಕೈ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು, ಇನ್ನೊಂದು ಕೈ ಪಟ್ಟಿಯನ್ನು ಒಂದೇ ಸೆಳೆತಕ್ಕೆ ಕಿತ್ತು ತೆಗೆಯಬೇಕು, ಕೀಳುವ ಜಾಗ ಕಣ್ಣಿಗೆ ನೇರವಾಗಿ ಕಾಣುತ್ತಿರಬೇಕು. ಈ ಮೂರೂ ಕೂಡಿಬರುವ ಭಾಗವನ್ನು ಮನೆಯಲ್ಲಿ ಧೈರ್ಯವಾಗಿ ಮಾಡಿಕೊಳ್ಳಬಹುದು. ಮೂರರಲ್ಲಿ ಒಂದು ತಪ್ಪಿದರೂ ಇನ್ನೊಬ್ಬರ ಕೈ ಬೇಕು.

ಯಾವ ಭಾಗ ಎಲ್ಲಿ

ಮೊಣಕಾಲಿನಿಂದ ಕೆಳಗಿನ ಭಾಗ ಮನೆಗೆ ಹೇಳಿಮಾಡಿಸಿದಂತಿದೆ. ಚರ್ಮ ಸಾಕಷ್ಟು ಗಟ್ಟಿಯಾಗಿದೆ, ಕೂದಲು ಬಹುಮಟ್ಟಿಗೆ ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಬೆಳೆದಿರುತ್ತದೆ, ಚಕ್ಕಂಬಕ್ಕಳ ಹಾಕಿ ಕುಳಿತರೂ ಸ್ಟೂಲಿನ ಮೇಲೆ ಕಾಲಿಟ್ಟು ಬಾಗಿದರೂ ಎರಡೂ ಕೈಗಳು ಬಿಡುವಾಗಿರುತ್ತವೆ. ವಿಚಿತ್ರವೆಂದರೆ ಹೆಚ್ಚಿನವರು ಮೊದಲ ಪ್ರಯೋಗ ನಡೆಸುವುದು ಕೈಗಳ ಮೇಲೆ. ತನ್ನ ಕೈಗೆ ತಾನೇ ವ್ಯಾಕ್ಸ್ ಮಾಡಿಕೊಳ್ಳುವಾಗ ಕೆಲಸಕ್ಕೆ ಸಿಗುವುದು ಒಂದೇ ಕೈ, ಚರ್ಮವನ್ನು ಹಿಡಿಯುವವರಿಲ್ಲ. ಬಲಗೈ ಬಳಸುವವರು ಎಡಗೈಯಿಂದ ಪಟ್ಟಿ ಎಳೆದಾಗ ವೇಗ ಸಾಲದೆ ಕೂದಲು ಬುಡದಿಂದ ಬರುವ ಬದಲು ಮಧ್ಯದಲ್ಲೇ ತುಂಡಾಗುತ್ತದೆ. ಆದ್ದರಿಂದ ಅಕ್ಕ, ತಂಗಿ ಅಥವಾ ಹಾಸ್ಟೆಲಿನ ಗೆಳತಿ ಜೊತೆಗಿದ್ದರೆ ಕೈಗಳನ್ನು ಮನೆಯಲ್ಲೇ ಮಾಡಿ, ಒಬ್ಬರೇ ಇದ್ದರೆ ಬೇಡ ಎನ್ನುವುದು ನನ್ನ ಸಲಹೆ.

ಕಂಕುಳಿನ ಕೂದಲು ದಪ್ಪ, ಚರ್ಮ ತೆಳು, ಬೆಳೆಯುವ ದಿಕ್ಕು ಎರಡು ಅಥವಾ ಮೂರು. ಹತ್ತು ಬಾರಿ ಕಾಲಿಗೆ ಮಾಡಿ ಕೈ ಪಳಗಿದವರು ಕನ್ನಡಿಯ ಮುಂದೆ ನಿಂತು ಪ್ರಯತ್ನಿಸಬಹುದಾದರೂ ಮೊದಲ ಬಾರಿಗೆ ಪಾರ್ಲರೇ ಸರಿ. ತೊಡೆಸಂದಿನ ಭಾಗಕ್ಕಂತೂ ಅನುಭವಿಗಳ ಕೈಯೇ ಬೇಕು. ಅಲ್ಲಿ ಪಟ್ಟಿಯನ್ನು ತಪ್ಪಾಗಿ ಎಳೆದರೆ ರಕ್ತ ಹೆಪ್ಪುಗಟ್ಟಿ ನೀಲಿಯಾಗುವುದೂ ಚರ್ಮ ಕಿತ್ತುಬರುವುದೂ ಉಂಟು. ಮೇಲ್ದುಟಿ ಮತ್ತು ಗಲ್ಲಕ್ಕೆ ಪಾರ್ಲರಿನ ಥ್ರೆಡ್ಡಿಂಗ್ ಸಾಕು. ಬೆನ್ನು ನಮಗೆ ಕಾಣುವುದೇ ಇಲ್ಲ, ಅದರ ಬಗ್ಗೆ ಚರ್ಚೆ ಅನಗತ್ಯ. ಎದೆ, ಬೆನ್ನುಗಳ ಕೂದಲು ತೆಗೆಸುವ ಗಂಡಸರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಎರಡೂ ಕಡೆ ಬೇಡವೆನ್ನಬೇಕಾದ ಸಂದರ್ಭಗಳು

ಮೊಡವೆಗಾಗಿ ಐಸೊಟ್ರೆಟಿನಾಯಿನ್ ಗುಳಿಗೆ ನುಂಗುತ್ತಿರುವವರು ಚಿಕಿತ್ಸೆ ನಡೆಯುವಾಗಲೂ, ಅದು ಮುಗಿದು ಕನಿಷ್ಠ 6 ತಿಂಗಳು ಕಳೆಯುವವರೆಗೂ ಮೈಯ ಯಾವ ಭಾಗಕ್ಕೂ ವ್ಯಾಕ್ಸ್ ಮಾಡಿಸಬಾರದು. ಆ ಔಷಧದಿಂದ ಚರ್ಮ ಎಷ್ಟು ನಾಜೂಕಾಗಿರುತ್ತದೆಂದರೆ ಕೂದಲಿನ ಜೊತೆಗೆ ಚರ್ಮದ ಮೇಲ್ಪದರವೂ ಪಟ್ಟಿಗೆ ಅಂಟಿಕೊಂಡು ಬಂದು ಶಾಶ್ವತ ಕಲೆ ಉಳಿಯಬಹುದು. ಟ್ರೆಟಿನಾಯಿನ್, ಅಡಾಪಲೀನ್‌ನಂಥ ಮುಲಾಮು ಹಚ್ಚುವವರು ಆ ಜಾಗಕ್ಕೆ ವ್ಯಾಕ್ಸ್ ಮಾಡುವ ಐದಾರು ದಿನ ಮೊದಲೇ ಅದನ್ನು ನಿಲ್ಲಿಸಬೇಕು. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಂಡ ಸ್ಟಿರಾಯ್ಡ್ ಬೆರೆತ ಕ್ರೀಮನ್ನು ಬೆಳ್ಳಗಾಗುವ ಆಸೆಯಿಂದ ತಿಂಗಳುಗಟ್ಟಲೆ ಹಚ್ಚಿದವರ ಚರ್ಮವೂ ತೆಳುವಾಗಿರುತ್ತದೆ; ಅದನ್ನು ಪಾರ್ಲರಿನಲ್ಲಿ ಹೇಳಿಕೊಳ್ಳಲು ಹಿಂಜರಿಯುವವರೇ ಹೆಚ್ಚು, ಹಿಂಜರಿಯಬಾರದು.

ಸಕ್ಕರೆ ಕಾಯಿಲೆ ಇರುವವರು ಮತ್ತು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿದ ಮೇಲೆ ಮುಂದುವರಿಯಬೇಕು. ಕಾಲಿನ ನರಗಳು ಉಬ್ಬಿದ್ದರೆ ಆ ಜಾಗವನ್ನು ಬಿಟ್ಟುಬಿಡಬೇಕು. ಗಾಯ, ಕಜ್ಜಿ, ಬಿಸಿಲಿಗೆ ಸುಟ್ಟ ಚರ್ಮ, ಉಬ್ಬಿದ ಮಚ್ಚೆ ಇವುಗಳ ಮೇಲೆ ವ್ಯಾಕ್ಸ್ ತಾಗಲೇಬಾರದು.

ಇನ್ನೊಂದು ವಿಷಯವಿದೆ. ಗಲ್ಲ, ಎದೆ, ಹೊಟ್ಟೆಗಳ ಮೇಲೆ ಇದ್ದಕ್ಕಿದ್ದಂತೆ ದಪ್ಪ ಕಪ್ಪು ಕೂದಲು ಬರುತ್ತಿದ್ದು, ಮುಟ್ಟೂ ಏರುಪೇರಾಗಿದ್ದರೆ ಅದು ಪಿಸಿಓಎಸ್ ಅಥವಾ ಬೇರೆ ಹಾರ್ಮೋನ್ ತೊಂದರೆಯ ಲಕ್ಷಣವಾಗಿರಬಹುದು. ಅಲ್ಲಿ ಮೊದಲು ವೈದ್ಯರು, ಆಮೇಲೆ ಪಾರ್ಲರ್.

ದಿನ ಗೊತ್ತುಮಾಡುವುದು

ಕೂದಲು ಸುಮಾರು 6 ಮಿಲಿಮೀಟರ್, ಅಂದರೆ ಕಾಲು ಇಂಚಿನಷ್ಟಾದರೂ ಬೆಳೆದಿರಬೇಕು. ಅದಕ್ಕಿಂತ ಗಿಡ್ಡದ ಕೂದಲು ವ್ಯಾಕ್ಸಿನ ಹಿಡಿತಕ್ಕೆ ಸಿಗುವುದಿಲ್ಲ. ಶೇವ್ ಮಾಡುವ ಅಭ್ಯಾಸವಿದ್ದವರಿಗೆ ಇಷ್ಟು ಬೆಳೆಯಲು ಎರಡರಿಂದ ಮೂರು ವಾರ ಹಿಡಿಯುತ್ತದೆ. ಮುಕ್ಕಾಲು ಇಂಚಿಗಿಂತ ಉದ್ದವಾಗಿದ್ದರೆ ಕತ್ತರಿಯಿಂದ ತುಸು ಗಿಡ್ಡ ಮಾಡಿಕೊಳ್ಳುವುದು ಮೇಲು, ಇಲ್ಲವಾದರೆ ನೋವು ಹೆಚ್ಚು. ಮುಟ್ಟಿನ ದಿನಗಳ ಆಸುಪಾಸಿನಲ್ಲಿ ಹಲವರಿಗೆ ನೋವು ಹೆಚ್ಚಾಗಿ ತಿಳಿಯುವುದರಿಂದ ಒಂದು ವಾರ ಮುಂದೂಡಿದರೆ ನಷ್ಟವೇನಿಲ್ಲ.

ಮದುವೆಯ ಮನೆಗಳಲ್ಲಿ ನಡೆಯುವ ಎಡವಟ್ಟು ಬಹುಪಾಲು ದಿನದ ಲೆಕ್ಕಾಚಾರದ್ದೇ. ಅರಿಶಿನ ಶಾಸ್ತ್ರದ ಹಿಂದಿನ ಸಂಜೆ ವ್ಯಾಕ್ಸ್ ಮಾಡಿಸಿಕೊಂಡು ಬಂದ ಮದುಮಗಳಿಗೆ ಬೆಳಿಗ್ಗೆ ಬಂಧುಬಳಗವೆಲ್ಲ ಸೇರಿ ಮೊಣಕೈವರೆಗೆ ಅರಿಶಿನ ತಿಕ್ಕಿದರೆ, ರೋಮಕೂಪಗಳೆಲ್ಲ ತೆರೆದಿರುವ ಆ ಚರ್ಮ ಉರಿಯದೆ ಇನ್ನೇನಾಗುತ್ತದೆ? ಶಾಸ್ತ್ರಕ್ಕಿಂತ ಮೂರು ದಿನ ಮೊದಲು ವ್ಯಾಕ್ಸ್ ಮುಗಿಸಿರಬೇಕು. ಮೆಹೆಂದಿ ಹಾಕಿಸಿಕೊಳ್ಳುವವರೂ ವ್ಯಾಕ್ಸನ್ನು ಮೊದಲೇ ಮಾಡಿಸಬೇಕು, ಏಕೆಂದರೆ ಬಣ್ಣ ಹಿಡಿಯುವುದು ಚರ್ಮದ ಮೇಲ್ಪದರದ ಸತ್ತ ಕೋಶಗಳಿಗೆ, ವ್ಯಾಕ್ಸ್ ಕಿತ್ತುಕೊಂಡು ಹೋಗುವುದೂ ಅವನ್ನೇ. ಹೊಸ ವ್ಯಾಕ್ಸನ್ನು ಅಥವಾ ಹೊಸ ಪಾರ್ಲರನ್ನು ಮದುವೆಯ ವಾರದಲ್ಲಿ ಮೊದಲ ಬಾರಿಗೆ ಪರೀಕ್ಷಿಸುವುದು ಬೇಡ.

ಮನೆಯಲ್ಲಿ ಪಾಕ ಕಾಯಿಸುವುದು

ಮನೆಯ ವ್ಯಾಕ್ಸಿಗೆ ಬೇಕಾಗುವುದು ಎರಡು ಲೋಟ ಸಕ್ಕರೆ, ಕಾಲು ಲೋಟ ನಿಂಬೆರಸ, ಕಾಲು ಲೋಟ ನೀರು. ಅರಬ್ ದೇಶಗಳಲ್ಲಿ ಹಿಂದಿನಿಂದಲೂ ಹೀಗೆ ಸಕ್ಕರೆ ಪಾಕದಿಂದಲೇ ಕೂದಲು ತೆಗೆಯುತ್ತ ಬಂದಿದ್ದಾರೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ದವರಿಗೆ ಇದರ ಮರ್ಮ ಸುಲಭವಾಗಿ ಅರ್ಥವಾಗುತ್ತದೆ: ಅಚ್ಚಿಗೆ ಪಾಕ ಮರಳುಮರಳಾಗಿ ಹರಳುಗಟ್ಟಬೇಕು, ವ್ಯಾಕ್ಸಿಗೆ ಎಂದಿಗೂ ಹರಳುಗಟ್ಟಬಾರದು. ನಿಂಬೆಯ ಹುಳಿ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದು ಅದು ಮತ್ತೆ ಹರಳಾಗದಂತೆ ತಡೆಯುತ್ತದೆ. ಆದ್ದರಿಂದ ನಿಂಬೆಯಲ್ಲಿ ಜಿಪುಣತನ ಮಾಡಬಾರದು. ಬೀಜ ಮತ್ತು ತಿರುಳು ಬೀಳದಂತೆ ರಸವನ್ನು ಸೋಸಿಕೊಳ್ಳಬೇಕು.

ಮೂರನ್ನೂ ದಪ್ಪ ತಳದ ಪಾತ್ರೆಗೆ ಹಾಕಿ, ಸಕ್ಕರೆ ಕರಗುವವರೆಗೆ ಕೈಯಾಡಿಸಿ, ಕುದಿ ಬಂದ ಮೇಲೆ ಉರಿ ಸಣ್ಣದು ಮಾಡಿ. ಪಾತ್ರೆಯ ಅಂಚಿಗೆ ಸಿಡಿದು ಒಣಗಿದ ಸಕ್ಕರೆಯನ್ನು ಮತ್ತೆ ಪಾಕಕ್ಕೆ ಕೆರೆದು ಹಾಕಬೇಡಿ, ಅದೇ ಹರಳಿಗೆ ಬೀಜವಾಗುತ್ತದೆ. ಇಪ್ಪತ್ತು ನಿಮಿಷದ ಹೊತ್ತಿಗೆ ಬಣ್ಣ ತಿಳಿ ಜೇನಿನಿಂದ ಗಾಢ ಜೇನಿನ ಕಡೆಗೆ ತಿರುಗುತ್ತದೆ. ಅಲ್ಲಿಂದ ಮುಂದೆ ಒಲೆಯ ಬಳಿಯಿಂದ ಕದಲಬಾರದು. ಬಟ್ಟಲಿನ ತಣ್ಣೀರಿಗೆ ಒಂದು ತೊಟ್ಟು ಪಾಕ ಬಿಟ್ಟು ನೋಡಿ: ನೀರಿನಲ್ಲಿ ಕದಡಿ ಹರಡಿದರೆ ಇನ್ನೂ ಎಳೆಪಾಕ, ಬೆರಳಿಗೆ ಸಿಕ್ಕಿ, ಉರುಳಿಸಿದರೆ ಮೆತ್ತಗಿನ ಉಂಡೆಯಾಗಿ, ಒತ್ತಿದರೆ ಚಪ್ಪಟೆಯಾದರೆ ಅದೇ ಹದ, ಟಣ್ಣೆಂದು ಗಟ್ಟಿಯಾದರೆ ಅದು ಕಮ್ಮರಕಟ್ಟು, ಕೂದಲಿಗಲ್ಲ. ಥರ್ಮಾಮೀಟರ್ ಇದ್ದವರು ಸುಮಾರು 118ರಿಂದ 120 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಬಹುದು. ಆದರೆ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ, ಆದ್ದರಿಂದ ಪಾಕದ ಹದವೂ ಎರಡು ಮೂರು ಡಿಗ್ರಿ ಮೊದಲೇ ಬರುತ್ತದೆ. ಅಜ್ಜಿಯ ತಣ್ಣೀರಿನ ಪರೀಕ್ಷೆಯೇ ಎಲ್ಲ ಊರಿಗೂ ನಂಬಿಕಸ್ಥವಾದದ್ದು. ಹದ ಮೀರಿದ್ದರೆ ಒಂದು ಚಮಚ ನೀರು ಹಾಕಿ ಮತ್ತೆ ಸಣ್ಣ ಉರಿಯಲ್ಲಿ ಕರಗಿಸಿ ಸರಿಪಡಿಸಬಹುದು.

ಮಂಗಳೂರು, ಕಾರವಾರದಂಥ ಕರಾವಳಿಯ ಊರುಗಳಲ್ಲಿ ಸಕ್ಕರೆ ಗಾಳಿಯ ತೇವವನ್ನು ಹೀರಿ ಸಡಿಲವಾಗುವುದರಿಂದ ಪಾಕ ತುಸು ಗಟ್ಟಿಯಿರಲಿ. ಮಡಿಕೇರಿಯ ಚಳಿಗೆ ತುಸು ಎಳೆಯದಿರಲಿ.

ಇನ್ನು ಎಚ್ಚರಿಕೆಯ ಮಾತು. ಕುದಿಯುವ ಪಾಕ ಕುದಿನೀರಿಗಿಂತ ಬಿಸಿ, ಮೇಲಾಗಿ ಅಂಟು. ಮೈಮೇಲೆ ಬಿದ್ದರೆ ಹರಿದುಹೋಗದೆ ಅಲ್ಲೇ ಕುಳಿತು ಸುಡುತ್ತದೆ. ಮಕ್ಕಳು ಅಡುಗೆಮನೆಯಲ್ಲಿ ಇರಬಾರದು, ಬೆರಳಿನಿಂದ ಮುಟ್ಟಿ ನೋಡಬಾರದು. ಅಕಸ್ಮಾತ್ ಬಿದ್ದರೆ 20 ನಿಮಿಷ ನಲ್ಲಿಯ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಟೂತ್‌ಪೇಸ್ಟ್, ಶಾಯಿ, ಮಂಜುಗಡ್ಡೆ ಯಾವುದೂ ಬೇಡ. ಬೊಬ್ಬೆ ಎದ್ದರೆ ಒಡೆಯದೆ ವೈದ್ಯರಿಗೆ ತೋರಿಸಬೇಕು.

ಹಚ್ಚುವ ಮತ್ತು ಎಳೆಯುವ ಕ್ರಮ

ಪಾಕವನ್ನು ಕನಿಷ್ಠ ಅರ್ಧ ಗಂಟೆ ಆರಲು ಬಿಟ್ಟು, ಉಗುರುಬೆಚ್ಚಗಾದ ಮೇಲೆ ಮಣಿಕಟ್ಟಿನ ಒಳಭಾಗಕ್ಕೆ ಸ್ವಲ್ಪ ತಾಗಿಸಿ ಬಿಸಿ ನೋಡಿಕೊಳ್ಳಿ. ಮೊದಲ ಸಲ ಮಾಡುವವರು ಹಿಂದಿನ ದಿನವೇ ಒಂದು ಸಣ್ಣ ಜಾಗಕ್ಕೆ ಮಾಡಿ, 24 ಗಂಟೆ ಕಾದು, ದದ್ದು ತುರಿಕೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹಳೆಯ ಜೀನ್ಸ್ ಪ್ಯಾಂಟನ್ನು ಚೆನ್ನಾಗಿ ಒಗೆದು ಎಂಟು ಇಂಚು ಉದ್ದ, ಎರಡೂವರೆ ಇಂಚು ಅಗಲಕ್ಕೆ ಕತ್ತರಿಸಿದರೆ ಪಟ್ಟಿಗಳು ಸಿದ್ಧ. ಹಿಗ್ಗುವ ಜೀನ್ಸ್ ಬೇಡ. ಎಳೆದಾಗ ಬಟ್ಟೆಯೇ ಹಿಗ್ಗಿ ಸೆಳೆತ ವ್ಯರ್ಥವಾಗುತ್ತದೆ.

ಕಾಲನ್ನು ಸೋಪಿನಿಂದ ತೊಳೆದು ಪೂರ್ತಿ ಒರೆಸಿಕೊಳ್ಳಿ. ಎಣ್ಣೆ, ಲೋಷನ್, ಬೆವರು ಇದ್ದರೆ ಪಾಕ ಕೂದಲನ್ನು ಹಿಡಿಯುವುದೇ ಇಲ್ಲ, ಅದಕ್ಕಾಗಿ ತೆಳುವಾಗಿ ಟಾಲ್ಕಂ ಪೌಡರ್ ಹಾಕುವುದು ವಾಡಿಕೆ. ಫ್ಯಾನಿನ ಕೆಳಗೆ ಕೂತು ಕಣಕಾಲಿನ ಕಡೆಯಿಂದ ಆರಂಭಿಸಿ. ಬೆಣ್ಣೆ ಹಚ್ಚುವ ಮೊಂಡು ಚಾಕುವಿನಿಂದ ಪಾಕವನ್ನು ಕೂದಲು ಬೆಳೆದ ದಿಕ್ಕಿನಲ್ಲೇ ತೆಳುವಾಗಿ ಸವರಿ, ಮೇಲೆ ಪಟ್ಟಿಯಿಟ್ಟು, ಅದೇ ದಿಕ್ಕಿನಲ್ಲಿ ಅಂಗೈಯಿಂದ ಮೂರು ನಾಲ್ಕು ಬಾರಿ ಒತ್ತಿ ಉಜ್ಜಿ, ಹಿಡಿಯಲು ಪಟ್ಟಿಯ ತುದಿಯನ್ನು ಒಂದಿಂಚು ಖಾಲಿ ಬಿಟ್ಟಿರಿ. ಪಾಕ ದಪ್ಪವಾಗಿ ಮೆತ್ತಿದಷ್ಟೂ ಕೂದಲು ಹೆಚ್ಚು ಬರುತ್ತದೆಂಬುದು ತಪ್ಪು ಕಲ್ಪನೆ.

ಎಳೆಯುವುದರಲ್ಲೇ ಇಡೀ ವಿದ್ಯೆ ಇದೆ. ಒಂದು ಕೈಯಿಂದ ಪಟ್ಟಿಯ ಕೆಳತುದಿಯ ಬಳಿ ಚರ್ಮವನ್ನು ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಪಟ್ಟಿಯನ್ನು ಕೂದಲು ಬೆಳೆದ ದಿಕ್ಕಿಗೆ ವಿರುದ್ಧವಾಗಿ, ಚರ್ಮಕ್ಕೆ ಸಮಾನಾಂತರವಾಗಿ, ಮೈಗೆ ಒರಸಿಕೊಂಡು ಹೋಗುವಷ್ಟು ತಗ್ಗಿನಲ್ಲಿ ಒಂದೇ ಬೀಸಿಗೆ ಸೆಳೆಯಬೇಕು. ಹೊಸಬರು ಪಟ್ಟಿಯನ್ನು ಆಕಾಶದ ಕಡೆಗೆ ಎತ್ತುತ್ತಾರೆ. ಹಾಗೆ ಎತ್ತಿದಾಗ ಚರ್ಮವೂ ಜೊತೆಗೆ ಏಳುತ್ತದೆ, ಕೂದಲು ಬುಡದಲ್ಲಿ ಮುರಿಯುತ್ತದೆ, ನೋವು ಇಮ್ಮಡಿಯಾಗುತ್ತದೆ, ಮುರಿದ ಕೂದಲು ಮುಂದೆ ಚರ್ಮದೊಳಗೇ ಸುರುಳಿಯಾಗಿ ಬೆಳೆದು ಗುಳ್ಳೆಯಾಗುತ್ತದೆ. ಹೆದರಿ ನಿಧಾನವಾಗಿ ಎಳೆಯುವುದೂ ಇದೇ ಫಲ ಕೊಡುತ್ತದೆ. ಸೆಳೆದ ಕೂಡಲೇ ಆ ಜಾಗವನ್ನು ಅಂಗೈಯಿಂದ ಒತ್ತಿ ಹಿಡಿದರೆ ಉರಿ ಅರ್ಧಕ್ಕರ್ಧ ಇಳಿಯುತ್ತದೆ.

ಒಂದೇ ಜಾಗಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ಪಟ್ಟಿ ಹಾಕಬಾರದು. ಉಳಿದ ನಾಲ್ಕು ಕೂದಲನ್ನು ಚಿಮಟದಿಂದ ಕೀಳಬಹುದು. ಮೊಣಕಾಲಿನ ಚಿಪ್ಪಿಗೆ ಬಂದಾಗ ಕಾಲು ಮಡಚಿ ಚರ್ಮ ಬಿಗಿಯಾಗುವಂತೆ ಮಾಡಿಕೊಳ್ಳಿ. ಸಕ್ಕರೆ ಪಾಕದ ದೊಡ್ಡ ಸುಖವೆಂದರೆ ಅದು ನೀರಿನಲ್ಲಿ ಕರಗುತ್ತದೆ: ಕೈಗೆ, ನೆಲಕ್ಕೆ, ಚಾಕುವಿಗೆ ಅಂಟಿದ್ದೆಲ್ಲ ಬಿಸಿನೀರಿಗೆ ಹೋಗುತ್ತದೆ, ಪಟ್ಟಿಗಳನ್ನೂ ನೆನೆಸಿ ಒಗೆದು ಬಿಸಿಲಿಗೆ ಒಣಗಿಸಿ ಮತ್ತೆ ಬಳಸಬಹುದು. ಮನೆಯಲ್ಲಿ ಒಬ್ಬರ ಪಟ್ಟಿ ಇನ್ನೊಬ್ಬರಿಗೆ ಬೇಡ. ಉಳಿದ ಪಾಕವನ್ನು ಮುಚ್ಚಳದ ಡಬ್ಬಿಯಲ್ಲಿ ಇಟ್ಟು ಮೇಲೆ ಹೆಸರು ಬರೆದಿಡಿ, ಏಕೆಂದರೆ ಜೇನುತುಪ್ಪವೆಂದು ದೋಸೆಗೆ ಹಾಕಿಕೊಳ್ಳುವವರು ಎಲ್ಲ ಮನೆಯಲ್ಲೂ ಇರುತ್ತಾರೆ.

ಅಂಗಡಿಯಲ್ಲಿ ಸಿಗುವ ಡಬ್ಬಿ ವ್ಯಾಕ್ಸುಗಳ ಕಥೆ ಬೇರೆ. ಅವುಗಳಲ್ಲಿ ಹಲವಕ್ಕೆ ಮರದ ರಾಳ ಸೇರಿರುತ್ತದೆ. ಹಿಡಿತ ಗಟ್ಟಿ, ಆದರೆ ರಾಳಕ್ಕೆ ಅಲರ್ಜಿ ಆಗುವವರಿದ್ದಾರೆ, ಆದ್ದರಿಂದ ಹಿಂದಿನ ದಿನದ ಪರೀಕ್ಷೆ ಇಲ್ಲಿ ಇನ್ನೂ ಮುಖ್ಯ. ರಾಳದ ವ್ಯಾಕ್ಸ್ ನೀರಿಗೆ ಜಗ್ಗುವುದಿಲ್ಲ, ಕೊಬ್ಬರಿ ಎಣ್ಣೆಗೆ ಬಿಡುತ್ತದೆ. ಮೈಕ್ರೋವೇವಿನಲ್ಲಿ ಕಾಯಿಸಿದರೆ ಮೇಲೆ ಬೆಚ್ಚಗೆ, ಮಧ್ಯದಲ್ಲಿ ಕೆಂಡದಂತೆ ಇರುವ ಸಾಧ್ಯತೆಯಿರುವುದರಿಂದ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಚೆನ್ನಾಗಿ ಕಲಕಿ ಬಳಸಬೇಕು.

ಪಾರ್ಲರಿನಲ್ಲಿ ಕಣ್ಣಿಡಬೇಕಾದದ್ದು

ಪಾರ್ಲರಿಗೆ ಹೋಗುವುದರಲ್ಲಿ ನಾವು ಕೊಳ್ಳುವುದು ವ್ಯಾಕ್ಸನ್ನಲ್ಲ, ದಿನಕ್ಕೆ ಹತ್ತು ಜನರಿಗೆ ಪಟ್ಟಿ ಎಳೆದು ಪಳಗಿದ ಕೈಯನ್ನು. ಹನಿ, ಚಾಕೊಲೇಟ್, ರಿಕಾ ಎಂದು ದರಪಟ್ಟಿಯಲ್ಲಿ ಏರುತ್ತ ಹೋಗುವ ಹೆಸರುಗಳಿಗಿಂತ ಆ ಕೈಯ ಅಭ್ಯಾಸಗಳೇ ನಮ್ಮ ಚರ್ಮದ ಗತಿಯನ್ನು ನಿರ್ಧರಿಸುತ್ತವೆ. ಚಾಕೊಲೇಟ್ ಎಂಬ ಹೆಸರಿಗೆ ಮರುಳಾಗಿ ಹೆಚ್ಚು ಹಣ ಕೊಡುವ ಬದಲು ಪಾತ್ರೆಯ ಕಡೆ ನೋಡಿ.

ಅನೇಕ ಸಣ್ಣ ಪಾರ್ಲರುಗಳಲ್ಲಿ ಒಂದೇ ಹೀಟರ್, ಒಂದೇ ಚಾಕು. ಒಬ್ಬರ ಕಂಕುಳಿಗೆ ಸವರಿದ ಚಾಕು ಮತ್ತೆ ಅದೇ ವ್ಯಾಕ್ಸಿಗೆ ಅದ್ದುತ್ತದೆ, ಅದೇ ವ್ಯಾಕ್ಸ್ ಮಧ್ಯಾಹ್ನ ಬಂದವರ ಕಾಲಿಗೆ ಹೋಗುತ್ತದೆ. ಬಿಸಿಗೆ ಕ್ರಿಮಿಗಳೆಲ್ಲ ಸಾಯುತ್ತವೆ ಎಂಬ ಸಮಾಧಾನವನ್ನು ನಂಬಬೇಡಿ. ಚರ್ಮ ತಡೆಯುವಷ್ಟು ಬಿಸಿಯಲ್ಲಿ ಕ್ರಿಮಿಗಳೂ ತಡೆಯುತ್ತವೆ. ವ್ಯಾಕ್ಸಿಂಗಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳಾಗುವುದರಿಂದ ಕೀವುಗುಳ್ಳೆ, ನರುಳ್ಳೆಯಂಥ ಸೋಂಕು ಒಬ್ಬರಿಂದೊಬ್ಬರಿಗೆ ದಾಟಲು ಇದೇ ದಾರಿ. ಪ್ರತಿ ಬಾರಿ ಅದ್ದುವಾಗಲೂ ಹೊಸ ಮರದ ಕಡ್ಡಿ ಬಳಸುವುದು, ಇಲ್ಲವೇ ನಿಮಗಷ್ಟೇ ಬೇಕಾದಷ್ಟು ವ್ಯಾಕ್ಸನ್ನು ಬೇರೆ ಬಟ್ಟಲಿಗೆ ತೆಗೆದುಕೊಳ್ಳುವುದು ಸರಿಯಾದ ಕ್ರಮ. ಪಟ್ಟಿ ಬಳಸಿ ಬಿಸಾಡುವಂಥದ್ದಾಗಿರಬೇಕು, ಹಾಸಿಗೆಯ ಮೇಲಿನ ಕಾಗದ ಅಥವಾ ಬಟ್ಟೆ ನಿಮಗಾಗಿ ಬದಲಾಗಬೇಕು, ಕೈಗವಸು ಇರಬೇಕು. ಮನೆಗೇ ಬಂದು ಮಾಡಿಕೊಡುವವರನ್ನು ಆ್ಯಪಿನ ಮೂಲಕ ಕರೆಸಿದರೂ ಈ ಮಾತುಗಳು ಬದಲಾಗುವುದಿಲ್ಲ; ಮುಚ್ಚಿದ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಲಿ.

ಇದನ್ನೆಲ್ಲ ಕೇಳುವುದು ಹೇಗೆ ಎಂಬ ಸಂಕೋಚ ಹಲವರಿಗೆ. ಹತ್ತು ವರ್ಷದಿಂದ ಹುಬ್ಬು ತಿದ್ದಿಕೊಡುತ್ತಿರುವವರ ಮುಂದೆ ನೈರ್ಮಲ್ಯದ ಪಾಠ ಮಾಡುವುದು ಕಷ್ಟವೇ. ನಾನು ಕಂಡುಕೊಂಡ ದಾರಿ ಎಂದರೆ ತಪ್ಪನ್ನು ಅವರ ಮೇಲೆ ಹೊರಿಸದೆ ನಮ್ಮ ಚರ್ಮದ ಮೇಲೆ ಹೊರಿಸುವುದು: “ಅಕ್ಕಾ, ನನಗೆ ಬೇಗ ಗುಳ್ಳೆ ಏಳುತ್ತೆ, ಒಂಚೂರು ಬೇರೆ ಬಟ್ಟಲಿಗೆ ತೆಗೆದುಕೊಳ್ತೀರಾ?” ಎಂದರೆ ಬೇಡವೆನ್ನುವವರು ಕಡಿಮೆ. ಬೇಡವೆಂದರೆ ಆ ದಿನ ಹುಬ್ಬಿಗಷ್ಟೇ ಮಾಡಿಸಿಕೊಂಡು ಎದ್ದು ಬನ್ನಿ.

ವ್ಯಾಕ್ಸ್ ಮುಗಿದ ಮೇಲೆ ಡಿ-ಟ್ಯಾನ್, ಬ್ಲೀಚ್ ಎಂದು ಅದೇ ಹೊತ್ತಿಗೆ ಒತ್ತಾಯಿಸಿದರೆ ಒಪ್ಪಬಾರದು. ಈಗಷ್ಟೇ ಮೇಲ್ಪದರ ಕಿತ್ತ ಚರ್ಮಕ್ಕೆ ಬ್ಲೀಚ್ ಹಚ್ಚುವುದೆಂದರೆ ತರಚುಗಾಯಕ್ಕೆ ಸುಣ್ಣ ಹಚ್ಚಿದಂತೆ.

ಆಮೇಲಿನ ದಿನಗಳು

ಮನೆಯಲ್ಲಾಗಲಿ ಪಾರ್ಲರಿನಲ್ಲಾಗಲಿ, ಮೊದಲ 24 ಗಂಟೆ ಬಿಸಿನೀರಿನ ಸ್ನಾನ, ಸೆಂಟು, ಬಿಗಿಯಾದ ಲೆಗಿಂಗ್ಸ್, ಜಿಮ್ಮು, ಈಜುಕೊಳ, ನಡುಮಧ್ಯಾಹ್ನದ ಬಿಸಿಲು ಇವುಗಳಿಂದ ದೂರವಿರಬೇಕು. ಕಂಕುಳಿಗೆ ಮಾಡಿಸಿದವರು ಡಿಯೋಡರೆಂಟನ್ನೂ ಮರುದಿನದವರೆಗೆ ಬಿಡಬೇಕು. ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಒತ್ತಿ, ಪರಿಮಳವಿಲ್ಲದ ಲೋಷನ್ ಅಥವಾ ಅಲೋವೆರಾ ಜೆಲ್ ಹಚ್ಚಿದರೆ ಸಾಕು. ತೋಟದ ಲೋಳೆಸರವನ್ನೇ ಕಿತ್ತು ಹಚ್ಚುವವರು ಎಲೆಯಿಂದ ಸೋರುವ ಹಳದಿ ರಸವನ್ನು ಪೂರ್ತಿ ತೊಳೆಯಬೇಕು, ಅದು ಚರ್ಮವನ್ನು ಕೆರಳಿಸುತ್ತದೆ.

ಒಂದು ವಾರದೊಳಗೆ ಅಲ್ಲೊಂದು ಇಲ್ಲೊಂದು ಕೂದಲು ಕಾಣಿಸಿಕೊಂಡರೆ ಪಾರ್ಲರಿನವರನ್ನು ದೂರುವ ಮೊದಲು ಒಂದು ಸಂಗತಿ ತಿಳಿದಿರಲಿ: ಎಲ್ಲ ಕೂದಲೂ ಒಟ್ಟಿಗೆ ಬೆಳೆಯುವುದಿಲ್ಲ. ವ್ಯಾಕ್ಸ್ ಮಾಡಿದ ದಿನ ಚರ್ಮದಡಿಯಲ್ಲೇ ಇದ್ದವು ಈಗ ಹೊರಗೆ ಬಂದಿವೆ, ಅಷ್ಟೇ. ಕಿತ್ತ ಕೂದಲು ಮತ್ತೆ ಬರಲು ಸಾಮಾನ್ಯವಾಗಿ ಮೂರರಿಂದ ಆರು ವಾರ ಬೇಕು. ಆ ನಡುವೆ ಬ್ಲೇಡ್ ಮುಟ್ಟಿದರೆ ಎಲ್ಲವೂ ಒಂದೊಂದು ಉದ್ದಕ್ಕೆ ಬೆಳೆದು ಮುಂದಿನ ವ್ಯಾಕ್ಸ್ ಅರೆಬರೆಯಾಗುತ್ತದೆ.

ಮೂರನೆಯ ದಿನದಿಂದ ಸ್ನಾನದಲ್ಲಿ ಒರಟು ಬಟ್ಟೆಯಿಂದ ವಾರಕ್ಕೆರಡು ಬಾರಿ ಹಗುರವಾಗಿ ಉಜ್ಜಿ, ನಿತ್ಯ ಲೋಷನ್ ಹಚ್ಚಿದರೆ ಒಳಮುಖವಾಗಿ ಬೆಳೆಯುವ ಕೂದಲು ಕಡಿಮೆಯಾಗುತ್ತದೆ. ಕಂಡ ಗುಳ್ಳೆಯನ್ನು ಸೂಜಿಯಿಂದ ಕೆದಕುವ ಚಪಲ ಬೇಡ; ನಮ್ಮಂಥ ಕಂದು ಚರ್ಮದಲ್ಲಿ ಕೆದಕಿದ ಗುಳ್ಳೆ ಮಾಯ್ದರೂ ಅದರ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಮೊದಲ ದಿನದ ಕೆಂಪು ಚುಕ್ಕೆಗಳು ಒಂದೆರಡು ದಿನದಲ್ಲಿ ತಾವಾಗಿಯೇ ಇಳಿಯುತ್ತವೆ. ಇಳಿಯದೆ ಕೀವು ತುಂಬಿದರೆ, ಜಾಗ ಬಿಸಿಯಾಗಿ ಊದಿಕೊಂಡರೆ ಅಥವಾ ಜ್ವರ ಬಂದರೆ ಪಾರ್ಲರಿನವರು ಕೊಡುವ ಕ್ರೀಮಿಗೆ ಕಾಯದೆ ಚರ್ಮರೋಗ ವೈದ್ಯರ ಬಳಿ ಹೋಗಿ, ಯಾವ ವ್ಯಾಕ್ಸ್ ಬಳಸಲಾಗಿತ್ತು ಎಂಬುದನ್ನೂ ತಿಳಿಸಿ.